ಹಲ್ಲಿಗೆ ಬರಲ್ಲ

ಬುಧವಾರ ಬೆಳಿಗ್ಗೆ ಎಂಟೂವರೆಗೆ ಹರಿಹರನ ಬಾಯಿಯಲ್ಲಿ ಟಕ್ ಎಂದು ಸದ್ದಾಯಿತು. ಮುರಿದದ್ದು ಕೋಡುಬಳೆಯೋ ಹಲ್ಲೋ ಎಂದು ತಿಳಿಯಲು ಅವನು ಎಲ್ಲವನ್ನೂ ಅಂಗೈಗೆ ಉಗುಳಿಕೊಂಡು ನೋಡಬೇಕಾಯಿತು. ಕೋಡುಬಳೆ ಹಾಗೇ ಇತ್ತು.

ಅದನ್ನು ಮಾಡಿದವರು ಅದೇ ಕಟ್ಟಡದ ನಾಲ್ಕನೇ ಮಹಡಿಯ ವೇದವಲ್ಲಿ. ಟೋಕಿಯೋ ಪಕ್ಕದ ಇಚಿಕಾವಾಕ್ಕೆ ಬಂದು ಹನ್ನೆರಡು ವರ್ಷವಾದರೂ ಜಪಾನಿನ ಅಕ್ಕಿಹಿಟ್ಟು ಇನ್ನೂ ಅವರ ಕೈಗೆ ಒಗ್ಗಿರಲಿಲ್ಲ. ಆದರೆ ಹಂಚುವ ಉತ್ಸಾಹ ಒಂದಿಷ್ಟೂ ಕುಗ್ಗಿರಲಿಲ್ಲ. ಹಬ್ಬ ಬಂದರೆ ಕಟ್ಟಡದಲ್ಲಿದ್ದ ಕನ್ನಡದವರ ಆರೂ ಮನೆಗಳಿಗೆ ಡಬ್ಬಿ ಹೋಗುತ್ತಿತ್ತು. ಐದು ಮನೆಯವರು ಅದನ್ನು ಕಾಫಿಯಲ್ಲಿ ನೆನೆಹಾಕಿ ತಿನ್ನುವುದನ್ನು ಕಲಿತಿದ್ದರು. ಹರಿಹರ ಹೊಸಬ.

ಹೊಸಬ ಎಂದರೆ ಬಂದು ಎಂಬತ್ತೇಳು ದಿನವಾದವನು. ಅವನೂ ಮೈತ್ರೇಯಿಯೂ ಮದುವೆಯಾದದ್ದು 2020ರ ಫೆಬ್ರುವರಿಯಲ್ಲಿ. ಮಾರ್ಚ್ ಮೊದಲ ವಾರ ಅವಳು ಟೋಕಿಯೋದ ಸಂಶೋಧನಾ ಕೆಲಸಕ್ಕೆ ಹೊರಟಳು. ಅವನು ಮುಂದಿನ ತಿಂಗಳು ಬರುವುದೆಂದು ಮಾತಾಗಿತ್ತು. ಆ ಮುಂದಿನ ತಿಂಗಳಿಗೆ ಜಪಾನ್ ಬಾಗಿಲು ಹಾಕಿಕೊಂಡಿತು. ಬಾಗಿಲು ತೆರೆದು, ಅವನ ಕಾಗದಪತ್ರ ಸರಿಹೋಗುವ ಮೊದಲೇ ತಾಳ್ಮೆ ಕಳೆದುಕೊಂಡು, ತೊಂಬತ್ತು ದಿನದ ಪ್ರವಾಸಿ ವೀಸಾದಲ್ಲಿ ಅವನು ಬಂದಿಳಿಯುವಷ್ಟರಲ್ಲಿ 2022ರ ಡಿಸೆಂಬರ್ ಆಗಿತ್ತು. ಸುಮಾರು ಮೂರು ವರ್ಷ ಸಂಸಾರ ಫೋನಿನಲ್ಲೇ ನಡೆದಿತ್ತು. ವಿಮಾನ ನಿಲ್ದಾಣದಲ್ಲಿ ಮೈತ್ರೇಯಿಯನ್ನು ನೋಡಿ ಅವನಿಗೆ ಮೊದಲು ಹೊಳೆದದ್ದು, ಇವಳು ಇಷ್ಟು ಎತ್ತರ ಇದ್ದಾಳೆ ಎಂಬುದು.

ಜನವರಿಯಲ್ಲಿ ಅವನನ್ನು ಹೆಂಡತಿಯ ಅವಲಂಬಿತನೆಂದು ಒಪ್ಪಿಕೊಳ್ಳಿ ಎಂದು ವಲಸೆ ಕಚೇರಿಗೆ ಅರ್ಜಿ ಹಾಕಿದ್ದರು. ಉತ್ತರ ಬಂದಿರಲಿಲ್ಲ. ಉತ್ತರ ಬರುವವರೆಗೆ ಅವನು ಪ್ರವಾಸಿ. ಪ್ರವಾಸಿಗೆ ನಿವಾಸಿ ಕಾರ್ಡು ಇಲ್ಲ. ಆ ಕಾರ್ಡು ಇಲ್ಲದೆ ನಗರಸಭೆಯಲ್ಲಿ ಹೆಸರು ದಾಖಲಾಗುವುದಿಲ್ಲ. ಹೆಸರು ದಾಖಲಾಗದೆ ಹೆಂಡತಿಯ ಆರೋಗ್ಯ ವಿಮೆಯಲ್ಲಿ ಜಾಗವಿಲ್ಲ.

ಇದರಲ್ಲಿ ನೋವಿನ ಸಂಗತಿ ಎಂದರೆ ಹರಿಹರ ಮೈಸೂರಿನಲ್ಲಿ ಹನ್ನೊಂದು ವರ್ಷ ವಿಮೆ ಏಜೆಂಟನಾಗಿದ್ದವನು. ಸರಸ್ವತಿಪುರಂನ ಅರ್ಧ ಜನಕ್ಕೆ ಪಾಲಿಸಿ ಮಾಡಿಸಿದ್ದು ಅವನೇ. ಆರೋಗ್ಯ ವಿಮೆಯ ಮಾತೆತ್ತಿದರೆ ಪ್ರತಿ ಮನೆಯಲ್ಲೂ ಒಂದು ಪ್ರಶ್ನೆ ಬರುತ್ತಿತ್ತು: "ಹಲ್ಲಿಗೆ ಬರುತ್ತೇನ್ರೀ?" ಹರಿಹರ ಸಾವಿನ ಮನೆಗೆ ಹೋದವನ ಮುಖ ಮಾಡಿಕೊಂಡು, "ಹಲ್ಲಿಗೆ ಬರಲ್ಲ ಮೇಡಂ" ಎನ್ನುತ್ತಿದ್ದ. ಜಪಾನಿನ ವಿಮೆ ಹಲ್ಲಿಗೂ ಬರುತ್ತದೆಂದು ಮೈತ್ರೇಯಿ ಹೇಳಿದಾಗ ಅವನು ಕೂತಲ್ಲೇ ಕೈ ಮುಗಿದಿದ್ದ. ಹಲ್ಲೂ ಮನುಷ್ಯನ ದೇಹದ ಭಾಗವೇ ಎಂದು ಒಪ್ಪಿಕೊಂಡ ದೇಶ ಕೊನೆಗೂ ಸಿಕ್ಕಿತಲ್ಲ ಎಂದು. ಆದ್ದರಿಂದಲೇ ಎರಡು ತಿಂಗಳಿಂದ ಕೆಳಗಿನ ಎಡ ದವಡೆಯ ಹಲ್ಲು ಗೊಣಗುತ್ತಿದ್ದರೂ, "ಇನ್ನು ನಾಲ್ಕು ದಿನ, ವಿಮೆ ಬಂದ್ಬಿಡುತ್ತೆ" ಎಂದು ಗಂಜಿ ಕುಡಿದುಕೊಂಡು ತಡೆದಿದ್ದ. ಮೈತ್ರೇಯಿ ಕೈ ಹಿಡಿದು ಎಳೆದರೂ ಡಾಕ್ಟರ ಹತ್ತಿರ ಹೋಗಿರಲಿಲ್ಲ. ವಿಮೆ ಏಜೆಂಟನಾದವನು ವಿಮೆಯಿಲ್ಲದೆ ಪೂರ್ತಿ ಫೀಸು ಕೊಟ್ಟು ಹಲ್ಲು ತೋರಿಸುವುದು ಅವನ ಮಟ್ಟಿಗೆ ಜಾತಿ ಕೆಡುವ ವಿಚಾರ.

ಈಗ ಹಲ್ಲಿನ ಅರ್ಧ ಅಂಗೈಯಲ್ಲಿತ್ತು. ಮೈತ್ರೇಯಿ ಆಗಲೇ ಲ್ಯಾಬಿಗೆ ಹೊರಟಾಗಿತ್ತು. ಇತ್ತೀಚೆಗೆ ಅವಳು ಬೇಗ ಹೋಗುತ್ತಿದ್ದಳು, ಫೋನು ಬಂದರೆ ಬಾಲ್ಕನಿಗೆ ಹೋಗಿ ಮಾತಾಡುತ್ತಿದ್ದಳು. "ಇವತ್ತು ಸೆನ್ಸೆಯ್ ಹತ್ರ ಒಂದು ಮಾತಾಡ್ಬೇಕು, ಹರಿ. ಸಂಜೆ ಹೇಳ್ತೀನಿ" ಎಂದು ಬಾಗಿಲಲ್ಲಿ ನಿಂತು ಹೇಳಿಹೋಗಿದ್ದಳು. ಸೆನ್ಸೆಯ್ ಎಂದರೆ ಅವಳ ಪ್ರೊಫೆಸರು. ಪ್ರಯೋಗದ ವಿಷಯ ಇರಬೇಕೆಂದು ಹರಿಹರ ತಲೆಯಾಡಿಸಿದ್ದ.

ನೋವಿಗೆ ಕೂತಲ್ಲಿ ಕೂರಲಾಗದೆ ಅವನು ಕೆಳಗಿಳಿದು ಅಂಚೆ ಡಬ್ಬಿ ತೆರೆದ. ಪಿಜ್ಜಾ ಅಂಗಡಿಯ ಎರಡು ಜಾಹೀರಾತುಗಳ ನಡುವೆ ಒಂದು ಪೋಸ್ಟ್‌ಕಾರ್ಡ್ ಇತ್ತು. ಅದರ ಮೇಲಿದ್ದ ಅಕ್ಷರ ನೋಡಿದವನೇ ಗೋಡೆ ಹಿಡಿದುಕೊಂಡ. ಅದು ಅವನದೇ ಕೈಬರಹ.

ಅರ್ಜಿ ಕೊಟ್ಟ ದಿನ ನೆನಪಾಯಿತು. ಮೈತ್ರೇಯಿ ಜೆರಾಕ್ಸ್ ಮಾಡಿಸಲು ಹೋಗಿದ್ದಾಗ ಕೌಂಟರಿನ ಹುಡುಗಿ ಈ ಕಾರ್ಡನ್ನು ಅವನ ಮುಂದೆ ಸರಿಸಿ, ಹೆಸರು ವಿಳಾಸ ಬರಿ ಎಂದು ಕೈಸನ್ನೆ ಮಾಡಿದ್ದಳು. ಅವನು ಬರೆದುಕೊಟ್ಟಿದ್ದ. ಯಾಕೆಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಈಗ ಅದು ವಾಪಸ್ ಬಂದಿದೆ. ಹನ್ನೊಂದು ವರ್ಷದ ಅನುಭವದಲ್ಲಿ ತನ್ನ ಕೈಬರಹ ತನಗೇ ತಿರುಗಿ ಬಂದರೆ ಅದಕ್ಕೆ ಒಂದೇ ಅರ್ಥ. ಪ್ರಪೋಸಲ್ ತಿರಸ್ಕಾರವಾಗಿದೆ.

ಹಿಂಭಾಗದ ಜಪಾನಿ ಅಕ್ಷರಗಳನ್ನು ಫೋನಿಗೆ ತೋರಿಸಿದ. ಫೋನು ಕೊಂಚ ಯೋಚಿಸಿ ಕನ್ನಡದಲ್ಲಿ ಹೇಳಿತು: "ಪರಿಶೀಲನೆ ಮುಕ್ತಾಯವಾಗಿದೆ. ಪಾಸ್‌ಪೋರ್ಟ್ ಸಮೇತ ಹಾಜರಾಗಬೇಕು." ಪಕ್ಕದಲ್ಲಿ ಯಾರೋ ಪೆನ್ನಿನಲ್ಲಿ ಒಂದು ಸಾಲಿಗೆ ಗುರುತು ಹಾಕಿದ್ದರು, ಅದನ್ನು ಓದಲು ಫೋನಿಗೂ ಆಗಲಿಲ್ಲ. ಹರಿಹರನಿಗೆ ಅಷ್ಟೇ ಸಾಕಾಯಿತು. ಮೂರು ವರ್ಷ ಕಾದು ಸಿಕ್ಕಿದ ಮೂರು ತಿಂಗಳೂ ಮುಗಿಯಿತು. ಇನ್ನು ಮತ್ತೆ ಫೋನಿನ ಸಂಸಾರ. ಮೈತ್ರೇಯಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತ, ಕಾರ್ಡನ್ನು ಒಳಜೇಬಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ಕೋಡುಬಳೆ ಡಬ್ಬಿ ವಾಪಸ್ ಒಯ್ಯಲು ಇಳಿದು ಬಂದ ವೇದವಲ್ಲಿ ಕಂಡದ್ದು ಹೀಗೆ ಕುಳಿತಿದ್ದ ಹರಿಹರನನ್ನು.

"ಏನ್ರೀ ಇದು, ಕೆನ್ನೆ ಹೀಗೆ ಊದಿದೆ. ಏನ್ ತಿಂದ್ರಿ?"

ಕೋಡುಬಳೆ ಎಂದು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. "ಹಳೇ ಹಲ್ಲುನೋವು, ವೇದಕ್ಕ" ಎಂದ.

ಮುಂದಿನ ಹತ್ತು ನಿಮಿಷದಲ್ಲಿ ಅವನ ಬಾಯಿಯಲ್ಲಿ ನಾಲ್ಕು ಲವಂಗ, ಕೆನ್ನೆಯ ಮೇಲೆ ಬಿಸಿ ಉಪ್ಪಿನ ಗಂಟು, ಎದುರಿಗೆ ವೇದವಲ್ಲಿಯ ಗಂಡ ರಾಘವೇಂದ್ರ ಇದ್ದರು. ರಾಘವೇಂದ್ರ ಸಾಫ್ಟ್‌ವೇರಿನವರು, ಮನೆಯಿಂದಲೇ ಕೆಲಸ. ಮೇಲೆ ಶರ್ಟು, ಕೆಳಗೆ ಪೈಜಾಮ. ಮೀಟಿಂಗು ಮೀಟಿಂಗುಗಳ ನಡುವೆ ಊರವರ ಸಮಸ್ಯೆ ಬಗೆಹರಿಸುವುದು ಅವರ ಹವ್ಯಾಸ.

"ಇನ್ಶೂರೆನ್ಸ್ ಇಲ್ಲ, ಅಷ್ಟೇ ತಾನೆ ಪ್ರಾಬ್ಲಂ?" ಎಂದು ಪರ್ಸಿನಿಂದ ಒಂದು ಕಾರ್ಡು ತೆಗೆದರು. "ತಗೊಳ್ಳಿ. ನನ್ ವಿಮೆ ಕಾರ್ಡು. ನೋಡಿ, ಫೋಟೋನೇ ಇಲ್ಲ ಇದ್ರಲ್ಲಿ. ಹೆಸರು, ಹುಟ್ಟಿದ ದಿನ, ಅಷ್ಟೇ."

ಹರಿಹರ ಲವಂಗ ಪಕ್ಕಕ್ಕೆ ಸರಿಸಿದ. "ಸಾರ್, ಅದು ತಪ್ಪಾಗುತ್ತೆ. ಸುಳ್ಳು ಮಾಹಿತಿ ಕೊಟ್ರೆ ಕ್ಲೇಮ್ ಕ್ಯಾನ್ಸಲ್ ಅಂತ ನಾನೇ ಎಷ್ಟೋ ಜನಕ್ಕೆ ಹೇಳಿದೀನಿ."

"ನೀವು ಹೇಳಿದ್ದು ಮೈಸೂರಲ್ಲಿ."

"ನಿಮಗೆ ನಲವತ್ತೊಂಬತ್ತು ವರ್ಷ. ನನಗೆ ಮೂವತ್ತಾರು."

"ಹಲ್ಲುನೋವು ಬಂದ್ರೆ ಎಲ್ರಿಗೂ ಹತ್ತು ವರ್ಷ ಜಾಸ್ತಿ ಕಾಣುತ್ತೆ," ಎಂದರು ವೇದವಲ್ಲಿ. "ಮಾಸ್ಕ್ ಬೇರೆ ಇರುತ್ತಲ್ಲ."

"ಹಲ್ಲು ತೋರಿಸುವಾಗ ಮಾಸ್ಕ್ ತೆಗೀಬೇಕಲ್ಲ ವೇದಕ್ಕ."

"ಆಗ ಅವರು ಹಲ್ಲು ನೋಡ್ತಾರೆ, ಮುಖ ಯಾರು ನೋಡ್ತಾರೆ?"

ಬೇರೆ ದಿನವಾಗಿದ್ದರೆ ಹರಿಹರ ಆ ಕಾರ್ಡನ್ನು ಮುಟ್ಟುತ್ತಿರಲಿಲ್ಲ. ಸಣ್ಣ ತಪ್ಪಾದರೂ ವೀಸಾ ಹೋದೀತೆಂಬ ಭಯದಲ್ಲಿ ಮೂರು ತಿಂಗಳಿಂದ ಅವನು ಕೆಂಪು ದೀಪವಿದ್ದಾಗ ರಸ್ತೆ ಕಡೆ ಮುಖವನ್ನೂ ಮಾಡಿದವನಲ್ಲ. ಆದರೆ ಹೋಗಬೇಕಾದದ್ದು ಹೋಗಿಯಾಗಿತ್ತು. ಮನಸ್ಸು ಕಲ್ಲು ಮಾಡಿಕೊಂಡು ಕಾರ್ಡು ತೆಗೆದುಕೊಂಡ.

"ಒಂದೇ ವಿಷಯ," ಎಂದು ರಾಘವೇಂದ್ರ ಬೆನ್ನು ತಟ್ಟಿದರು. "ಸ್ಟೇಷನ್ ಎಡಕ್ಕೆ ಇರೋ ಕ್ಲಿನಿಕ್‌ಗೆ ಹೋಗಿ. ಬೋರ್ಡಲ್ಲಿ ನಗೋ ಹಲ್ಲಿನ ಚಿತ್ರ ಇದೆ. ಬಲಗಡೆಯದಕ್ಕೆ ಬೇಡ. ಅಲ್ಲಿ ನನ್ ಮುಖ ಗೊತ್ತು."

ಎಡ ಎಂದರೆ ಸ್ಟೇಷನ್ನಿಗೆ ಎದುರಾಗಿ ನಿಂತಾಗಲೋ, ಸ್ಟೇಷನ್ನಿನಿಂದ ಹೊರಗೆ ಬಂದಾಗಲೋ ಎಂದು ಅವರು ಹೇಳಲಿಲ್ಲ. ಅಷ್ಟರಲ್ಲಿ ಅವರ ಮೀಟಿಂಗು ಶುರುವಾಗಿತ್ತು. ಜಪಾನಿನಲ್ಲಿ ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಗಳಿಗಿಂತ ಹಲ್ಲಿನ ಆಸ್ಪತ್ರೆಗಳು ಹೆಚ್ಚೆಂದು ಹರಿಹರನಿಗೆ ಅಲ್ಲಿ ಹೋಗಿ ನಿಂತ ಮೇಲೆ ತಿಳಿಯಿತು. ಎಡಕ್ಕೊಂದು ಹಲ್ಲು ನಗುತ್ತಿತ್ತು, ಬಲಕ್ಕೊಂದು ನಗುತ್ತಿತ್ತು. ಅವನು ಒಂದನ್ನು ಆರಿಸಿ ಒಳಹೊಕ್ಕ.

ಅವನ ಮುಖದ ಮೇಲೆ ಮಾಸ್ಕ್ ಇತ್ತು; ಕಾರ್ಡು ನೋಡಿದ ಕೌಂಟರಿನ ಹೆಂಗಸಿನ ಮುಖ ಅರಳಿತು. "ರಾಘವೇಂದ್ರ-ಸಾನ್. ಎಷ್ಟು ದಿನ ಆಯ್ತು ನೋಡಿ," ಎಂಬರ್ಥದ ಏನನ್ನೋ ಜಪಾನಿಯಲ್ಲಿ ಹೇಳಿ ಬಾಗಿದಳು. ಹರಿಹರನಿಗೆ ಗೊತ್ತಿದ್ದದ್ದು ಒಂದೇ ಮಾತು. "ಸುಮಿಮಾಸೆನ್," ಎಂದು ಅವನೂ ಬಾಗಿದ. ಕ್ಷಮಿಸಿ ಎಂದು ಅರ್ಥವಾದರೂ ಯಾವ ಸಂದರ್ಭಕ್ಕೂ ಒದಗುವ ಆ ಮಾತು ಇಲ್ಲಿಯೂ ಒದಗಿತು. ಓಡಿಹೋಗಬೇಕೆನ್ನುವಷ್ಟರಲ್ಲಿ ನರ್ಸು ಅವನನ್ನು ಕುರ್ಚಿಯಲ್ಲಿ ಮಲಗಿಸಿ ಕೊರಳಿಗೆ ಕಾಗದದ ಬಟ್ಟೆ ಕಟ್ಟಿದ್ದಳು.

ಡಾಕ್ಟರು ಶಿಮೊಮುರಾ ಸೆನ್ಸೆಯ್; ಜಪಾನಿನಲ್ಲಿ ಡಾಕ್ಟರಿಗೂ ಸೆನ್ಸೆಯ್ ಎಂದೇ ಅನ್ನುತ್ತಾರೆ. ಎಪ್ಪತ್ತರ ಆಸುಪಾಸಿನವರು, ನಿಧಾನವಾಗಿ ಇಂಗ್ಲಿಷ್ ಮಾತಾಡುತ್ತಿದ್ದರು. ಬಾಯೊಳಗೆ ಕನ್ನಡಿ ಇಟ್ಟು ನೋಡಿದರು. ಕಂಪ್ಯೂಟರಿನ ಕಡೆ ನೋಡಿದರು. ಮತ್ತೆ ಬಾಯಿ ನೋಡಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ರಾಘವೇಂದ್ರ-ಸಾನ್," ಎಂದರು ಮೆಲ್ಲಗೆ. "ನಾಲ್ಕು ವರ್ಷದ ಹಿಂದೆ ನಿಮ್ಮ ಈ ಎರಡು ಹಲ್ಲನ್ನು ನಾನೇ ಕಿತ್ತಿದ್ದೆ."

ಹರಿಹರ ಬಾಯಿ ತೆರೆದುಕೊಂಡೇ ಇದ್ದ.

"ಮತ್ತೆ ಬಂದಿವೆ."

ಸೆನ್ಸೆಯ್ ನರ್ಸನ್ನು ಕರೆದರು. ಅವಳು ನೋಡಿ ಇನ್ನೊಬ್ಬಳನ್ನು ಕರೆದಳು. ಮೂವರೂ ಟಾರ್ಚು ಬಿಟ್ಟು ಹರಿಹರನ ಬಾಯಿಗೆ ಬಾಗಿದರು. ಹಳೇ ಎಕ್ಸ್-ರೇಯಲ್ಲಿ ಖಾಲಿಯಿದ್ದ ಜಾಗದಲ್ಲಿ ಈಗ ಗಟ್ಟಿಮುಟ್ಟಾದ ಎರಡು ಹಲ್ಲುಗಳಿದ್ದವು. "ನಲವತ್ತು ವರ್ಷದ ಸೇವೆಯಲ್ಲಿ ಇದೇ ಮೊದಲು," ಎಂದರು ಸೆನ್ಸೆಯ್. "ನಿಮ್ಮ ಆಹಾರ ಏನು?"

"ಕೋಡುಬಳೆ," ಎಂದ ಹರಿಹರ, ಬೇರೇನೂ ತೋಚದೆ.

ಸೆನ್ಸೆಯ್ ಅದನ್ನು ಬರೆದುಕೊಂಡರು. ದಂತವೈದ್ಯ ಕಾಲೇಜಿನಲ್ಲಿ ತಮ್ಮ ಗೆಳೆಯರೊಬ್ಬರು ಪ್ರೊಫೆಸರಾಗಿದ್ದಾರೆ, ಈಗಲೇ ಫೋನು ಮಾಡುತ್ತೇನೆ, ಒಪ್ಪಿದರೆ ಫೋಟೋ ತೆಗೆಯೋಣ, ಇದು ಪತ್ರಿಕೆಯಲ್ಲಿ ಬರಬೇಕಾದ ವಿಷಯ ಎಂದು ಫೋನಿಗೆ ಕೈ ಹಾಕಿದರು. ಆ ಮುದುಕರ ಕಣ್ಣಲ್ಲಿದ್ದ ಸಂತೋಷ ನೋಡಿ ಹರಿಹರನಿಗೆ ಹಲ್ಲಿಗಿಂತ ಹೆಚ್ಚು ಎದೆ ನೋಯಿತು. ಪೊಲೀಸರ ಹೆದರಿಕೆಯನ್ನಾದರೂ ಹೇಗೋ ತಡೆದುಕೊಳ್ಳಬಹುದಿತ್ತು. ಒಬ್ಬ ಒಳ್ಳೆಯ ಮನುಷ್ಯನನ್ನು ಪ್ರೊಫೆಸರ ಮುಂದೆ ಪೆದ್ದನನ್ನಾಗಿ ಮಾಡುವುದು ಅವನಿಂದ ಆಗಲಿಲ್ಲ.

"ಸೆನ್ಸೆಯ್, ಫೋನ್ ಮಾಡಬೇಡಿ. ನಾನು ರಾಘವೇಂದ್ರ ಅಲ್ಲ," ಎಂದ ಎದ್ದು ಕುಳಿತು. ಎಲ್ಲವನ್ನೂ ಹೇಳಿಬಿಟ್ಟ. ಮದುವೆ, ಮುಚ್ಚಿದ ಬಾಗಿಲು, ಪ್ರವಾಸಿ ವೀಸಾ, ಗಂಜಿ. ಹೇಳುತ್ತ ಹೇಳುತ್ತ ಕಣ್ಣು ತುಂಬಿಕೊಂಡಿತು. "ಹೇಗೂ ನನ್ನನ್ನು ವಾಪಸ್ ಕಳಿಸ್ತಿದ್ದಾರೆ. ಮಾಡಿದ್ದು ತಪ್ಪು. ನನ್ನ ಹೆಂಡತಿಗೆ ಮಾತ್ರ ತೊಂದರೆ ಆಗದ ಹಾಗೆ ನೋಡಿ," ಎಂದು ಒಳಜೇಬಿನಿಂದ ಪೋಸ್ಟ್‌ಕಾರ್ಡು ತೆಗೆದು ಕೊಟ್ಟ.

ಸೆನ್ಸೆಯ್ ಓದಿದರು. ಕೌಂಟರಿನ ಹೆಂಗಸು ಬಂದು ಓದಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದನ್ನು ಎಲ್ಲರ ಹತ್ತಿರವೂ ಅವರ ಕೈಯಲ್ಲೇ ಬರೆಸಿಕೊಳ್ಳುತ್ತಾರೆ," ಎಂದರು ಸೆನ್ಸೆಯ್. "ವಿಳಾಸ ತಪ್ಪಬಾರದು ಅಂತ. ಇಲ್ಲಿ ಪೆನ್ನಿನಲ್ಲಿ ಗುರುತು ಹಾಕಿದ್ದಾರಲ್ಲ, ಹೊಸ ಕಾರ್ಡಿನ ಶುಲ್ಕಕ್ಕೆ ಸರ್ಕಾರಿ ಸ್ಟಾಂಪು ತನ್ನಿ ಅಂತ. ಇಲ್ಲ ಅನ್ನುವವರ ಹತ್ತಿರ ಸ್ಟಾಂಪು ಯಾಕೆ ಕೇಳುತ್ತಾರೆ? ನಿಮಗೆ ಒಪ್ಪಿಗೆ ಸಿಕ್ಕಿದೆ."

ಹರಿಹರ ಏನು ಮಾಡಬೇಕೆಂದು ತೋಚದೆ ಸೆನ್ಸೆಯ್ ಅವರ ಎರಡೂ ಕೈ ಹಿಡಿದುಕೊಂಡ. ಒಂದರಲ್ಲಿ ಇನ್ನೂ ಕನ್ನಡಿ ಇತ್ತು. ಸೆನ್ಸೆಯ್ ಬಿಡಿಸಿಕೊಂಡು, ಮುರಿದ ಹಲ್ಲಿಗೆ ನೋವು ತಡೆಯುವ ತಾತ್ಕಾಲಿಕ ಮದ್ದು ತುಂಬಿದರು. ಹಲ್ಲು ಬೇರಿನವರೆಗೆ ಕೊಳೆತಿದೆ, ನಾಲ್ಕೈದು ಸಲ ಬಂದು ಸರಿಮಾಡಿಸಿಕೊಳ್ಳಬೇಕು, ಮೊದಲು ವಿಮೆ ಮಾಡಿಸಿಕೊಂಡು ಬನ್ನಿ ಎಂದರು. ರಾಘವೇಂದ್ರರ ಕಾರ್ಡನ್ನು ಅವನ ಜೇಬಿಗೆ ಹಾಕಿ, "ಇದನ್ನು ನಾನು ನೋಡಿಲ್ಲ. ಇನ್ನೊಮ್ಮೆ ಹೀಗೆ ಮಾಡಬೇಡಿ. ರಾಘವೇಂದ್ರ-ಸಾನ್‌ಗೆ ಹಲ್ಲು ಕ್ಲೀನ್ ಮಾಡಿಸಿಕೊಳ್ಳಲು ಬರಲಿಕ್ಕೆ ಹೇಳಿ," ಎಂದರು. ಬಾಗಿಲವರೆಗೆ ಬಂದು ನಿಂತು, ಕಿತ್ತ ಹಲ್ಲು ಮತ್ತೆ ಬಂದಿರಲಿಲ್ಲವೆಂಬ ಬೇಸರವನ್ನು ನುಂಗಿಕೊಂಡು ಬಾಗಿದರು.

ಆ ಮಧ್ಯಾಹ್ನ ಹರಿಹರ ಓಡಿದ ಹಾಗೆ ಮೈಸೂರಿನಲ್ಲಿ ಮಾರ್ಚ್ ಕೊನೆಯ ವಾರ ಪಾಲಿಸಿ ಹಿಡಿಯಲೂ ಓಡಿರಲಿಲ್ಲ. ಸ್ಟಾಂಪು ಕೊಂಡ. ವಲಸೆ ಕಚೇರಿಯಲ್ಲಿ ಮುನ್ನೂರು ಜನರ ಹಿಂದೆ ಕುಳಿತ. ಮೂರೂವರೆಗೆ ಅವನ ಕೈಗೆ ಬಂದ ನಿವಾಸಿ ಕಾರ್ಡಿನಲ್ಲಿ ಊದಿದ ಕೆನ್ನೆಯಿಲ್ಲದ ಅವನ ಫೋಟೋ ಇತ್ತು, ಒಂದು ವರ್ಷದ ಅವಧಿ ಇತ್ತು. ಮೈತ್ರೇಯಿಗೆ ಫೋನು ಮಾಡಲು ಎರಡು ಸಲ ಕೈ ಹೋಯಿತು. ಬೇಡ, ಎದುರಿಗೇ ಹೇಳಬೇಕು, ಅವಳ ಮುಖ ನೋಡಬೇಕು ಎಂದು ತಡೆದುಕೊಂಡ. ಮೂರು ವರ್ಷ ಎಲ್ಲ ಸುದ್ದಿಯನ್ನೂ ಫೋನಿನಲ್ಲೇ ಹೇಳಿ ಸಾಕಾಗಿತ್ತು.

ನಾಲ್ಕೂಮುಕ್ಕಾಲಿಗೆ ಇಚಿಕಾವಾ ನಗರಸಭೆಯಲ್ಲಿ ಹೆಸರು ದಾಖಲಾಯಿತು. ಅಲ್ಲಿ ಇಂಗ್ಲಿಷ್ ಬಲ್ಲ ಹೆಂಗಸು ತಾಳ್ಮೆಯಿಂದ ತಿಳಿಸಿ ಹೇಳಿದಳು. ಹೆಂಡತಿಯ ಕಚೇರಿಯ ಮೂಲಕ ಅವಲಂಬಿತನಾಗಿ ಸೇರಬೇಕು. ಕಾರ್ಡು ಕೈಗೆ ಬರಲು ಮೂರು ವಾರ. ಇವತ್ತು ಮಾರ್ಚ್ ಹದಿನೈದು. ಹರಿಹರ ಬೆರಳು ಮಡಿಸಿ ಲೆಕ್ಕ ಹಾಕಿ, ಮನೆಗೆ ಹೋಗುವ ದಾರಿಯಲ್ಲಿ ಮತ್ತೆ ನಗುವ ಹಲ್ಲಿನ ಬಾಗಿಲು ತಳ್ಳಿದ. ಈ ಸಲ ತನ್ನ ಹೆಸರನ್ನೇ ಹೇಳಿ, ನಾಲ್ಕು ಸಲ ಉಚ್ಚರಿಸಿ ಬರೆಸಿದ. ಕೌಂಟರಿನ ಹೆಂಗಸು ಚೆರ್ರಿ ಹೂವಿನ ಚಿತ್ರವಿದ್ದ ಪುಟ್ಟ ಚೀಟಿಯಲ್ಲಿ ದಿನ ಬರೆದುಕೊಟ್ಟಳು: ಏಪ್ರಿಲ್ ಐದು, ಬೆಳಿಗ್ಗೆ ಹತ್ತು.

ಮನೆಯಲ್ಲಿ ದೀಪ ಹೊತ್ತಿತ್ತು. ಮೈತ್ರೇಯಿ ಬೇಗ ಬಂದು ಮೆತ್ತಗಿನ ಇಡ್ಲಿ ಬೇಯಿಸಿಟ್ಟಿದ್ದಳು. ಅವನು ಶೂ ಬಿಚ್ಚುವ ಮೊದಲೇ ಕಾರ್ಡು ತೆಗೆಯಲು ಹೋದ. ಅವಳು ಅವನ ಕೆನ್ನೆ ಮುಟ್ಟಿ ನೋಡಿದಳು.

"ನಿಲ್ಲು, ಮೊದಲು ನಾನು ಹೇಳ್ತೀನಿ. ಇಲ್ಲಾಂದ್ರೆ ಧೈರ್ಯ ಹೋಗುತ್ತೆ," ಎಂದಳು. "ಮೈಸೂರಿನ ಕಾಲೇಜಿಂದ ಆಫರ್ ಬಂದಿತ್ತು, ಹರಿ. ಲೆಕ್ಚರರ್ ಪೋಸ್ಟ್. ಹದಿನೈದು ದಿನದಿಂದ ಬಾಲ್ಕನಿಯಲ್ಲಿ ಅದನ್ನೇ ಮಾತಾಡ್ತಿದ್ದೆ. ನಿನ್ನೆವರೆಗೂ ಬೇಡ ಅಂತಾನೇ ಇದ್ದೆ. ಆದ್ರೆ ನಿನ್ನೆ ನೀನು ಕೆನ್ನೆ ಒತ್ಕೊಂಡು, ನನಗೆ ಗೊತ್ತಾಗಬಾರದು ಅಂತ ಗೋಡೆ ಕಡೆ ತಿರುಗಿ ಕೂತಿದ್ಯಲ್ಲ. ನೋಡಕ್ಕಾಗ್ಲಿಲ್ಲ ನನಗೆ. ನನಗೋಸ್ಕರ ಇದ್ದ ಕೆಲಸ ಬಿಟ್ಟು ಬಂದು, ಇಲ್ಲಿ ಒಂದು ಹಲ್ಲು ತೋರಿಸಕ್ಕೂ ಗತಿಯಿಲ್ದೆ ಗಂಜಿ ಕುಡೀತಾ ಇರೋದು. ವೀಸಾ ಬರಲಿ ಬಿಡಲಿ, ಇನ್ನೊಂದ್ ಸಲ ನಿನ್ನ ಬಿಟ್ಟು ಇರಕ್ಕೆ ನನ್ ಕೈಲಿ ಆಗಲ್ಲ. ಇವತ್ತು ಲ್ಯಾಬಲ್ಲಿ ಸೆನ್ಸೆಯ್‌ಗೆ ಹೇಳ್ಬಿಟ್ಟೆ. ಹೇಗೂ ಕಾಂಟ್ರಾಕ್ಟ್ ಈ ವರ್ಷದ್ದು ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತೆ, ಮುಂದಿನದಕ್ಕೆ ಸೈನ್ ಹಾಕಲಿಲ್ಲ. ಏಪ್ರಿಲ್ ಒಂದಕ್ಕೆ ಟಿಕೆಟ್. ಮೂರಕ್ಕೆ ಅಲ್ಲಿ ಸೇರ್ಕೋಬೇಕು."

ಹರಿಹರ ಒಂದು ಕಾಲಲ್ಲಿ ಶೂ ಹಾಕಿಕೊಂಡೇ ನಿಂತಿದ್ದ.

"ಯಾಕೆ ಸುಮ್ನಾದೆ? ಬೇಜಾರಾಯ್ತಾ?" ಎಂದಳು.

ಅವನು ನಿವಾಸಿ ಕಾರ್ಡನ್ನು ಅವಳ ಕೈಯಲ್ಲಿಟ್ಟ. ಅದರ ಮೇಲೆ ಚೆರ್ರಿ ಹೂವಿನ ಚೀಟಿ ಇಟ್ಟ. ಮೈತ್ರೇಯಿ ಕಾರ್ಡು ನೋಡಿದಳು, ದಿನಾಂಕ ನೋಡಿದಳು, ಅವನ ಮುಖ ನೋಡಿದಳು. ಬಾಯಿ ಮುಚ್ಚಿಕೊಂಡು ಬಾಗಿಲಲ್ಲೇ ನೆಲಕ್ಕೆ ಕುಳಿತಳು. ಅವನೂ ಪಕ್ಕದಲ್ಲಿ ಕುಳಿತ. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ಮೊದಲು ತಿಳಿಯಲಿಲ್ಲ; ತಿಳಿಯುವಷ್ಟರಲ್ಲಿ ಅವನೂ ಎರಡನ್ನೂ ಮಾಡುತ್ತಿದ್ದ. ವಿಮೆ ಕಾರ್ಡು ಬರುವ ದಿನ ಈ ಮನೆಗೆ ಬೀಗ ಬಿದ್ದಿರುತ್ತದೆ. ಆದರೆ ಬೀಗ ಹಾಕಿಕೊಂಡು ಹೋಗುವವರು ಇಬ್ಬರು. ಅದೊಂದು ಅವನಿಗೆ ಸಾಕಾಗಿತ್ತು.

"ಇರಲಿ ಬಿಡು," ಎಂದು ಮೈತ್ರೇಯಿ ಕಣ್ಣೊರೆಸಿಕೊಂಡು ಅವನ ಭುಜಕ್ಕೆ ಒರಗಿದಳು. "ಕಾಲೇಜಿನವರು ಫ್ಯಾಮಿಲಿಗೆಲ್ಲ ಹೆಲ್ತ್ ಇನ್ಶೂರೆನ್ಸ್ ಕೊಡ್ತಾರಂತೆ. ಮೈಸೂರಲ್ಲೇ ಮಾಡಿಸೋಣ. ಹಲ್ಲಿಗೆ ಬರುತ್ತೆ ತಾನೆ?"

ಹರಿಹರ ಉಸಿರೆಳೆದುಕೊಂಡ. ಹನ್ನೊಂದು ವರ್ಷದ ಅಭ್ಯಾಸದಿಂದ ಮುಖ ತಾನಾಗಿಯೇ ಸಾವಿನ ಮನೆಯ ಮುಖವಾಯಿತು.

"ಹಲ್ಲಿಗೆ ಬರಲ್ಲ, ಮೇಡಂ," ಎಂದ.